ಜೂನ್ 1 ಅಂತ ಬರೆದಿದ್ದು ನಾನು

ಇದು ಕೊಲೆ ಮಾಡಿದ ಒಬ್ಬ ಹುಡುಗನ ಕೇಸು, ಸ್ಕೂಲಿನ ರಿಜಿಸ್ಟರಲ್ಲಿ ಅವನ ಹುಟ್ಟಿದ ದಿನ ಬರೆದಿದ್ದು ನಾನು. ಮೊದಲೇ ಹೇಳಿಬಿಡ್ತೀನಿ, ಇದರಲ್ಲಿ ಬರೋ ಯಾರ ಹೆಸರನ್ನೂ ಬರೆಯಲ್ಲ, ತೋಟದ ಹೆಸರೂ ಬರೆಯಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಹುಡುಗನ ಗುರುತು ಸಿಗೋ ಹಾಗೆ ಏನನ್ನೂ ಹೊರಗೆ ಹಾಕೋ ಹಾಗಿಲ್ಲ, ಅದು ಸರಿಯಾದ ಕಾನೂನು ಅಂತಾನೇ ನನ್ನ ಅಭಿಪ್ರಾಯ, ಹಾಗಾಗಿ ಕೆಲವು ವಿವರ ಬೇಕಂತಲೇ ಆಚೀಚೆ ಮಾಡಿದೀನಿ. ಕೊಡಗಿನ ಸುಂಟಿಕೊಪ್ಪ ಕಡೆಯ ಒಂದು ಕಾಫಿ ತೋಟ ಅಂತ ಇಟ್ಕೊಳ್ಳಿ ಸಾಕು. ಜೂನ್ 1 ಅನ್ನೋದನ್ನ ಮಾತ್ರ ಹಾಗೇ ಬಿಟ್ಟಿದೀನಿ, ಯಾಕಂದ್ರೆ ಜೂನ್ 1ನೇ ತಾರೀಖು ಹುಟ್ಟಿದವರು ನಮ್ಮ ಸರ್ಕಾರಿ ಸ್ಕೂಲುಗಳ ದಾಖಲಾತಿ ರಿಜಿಸ್ಟರಲ್ಲಿ ಲೆಕ್ಕ ಇಲ್ಲದಷ್ಟು ಜನ ಇದ್ದಾರೆ, ಅದರಿಂದ ಯಾರೂ ಯಾರನ್ನೂ ಕಂಡುಹಿಡಿಯಕ್ಕಾಗಲ್ಲ.

ನಾನು 31 ವರ್ಷ ಪ್ರೈಮರಿ ಸ್ಕೂಲ್ ಟೀಚರಾಗಿದ್ದೆ, 2019ರಲ್ಲಿ ರಿಟೈರ್ ಆದ್ಮೇಲೆ ಕಾನೂನು ಸೇವಾ ಪ್ರಾಧಿಕಾರದ ಕಡೆಯಿಂದ ಪ್ಯಾರಾಲೀಗಲ್ ವಾಲಂಟಿಯರ್ ಆಗಿ, ಅಂದ್ರೆ ಜನರಿಗೆ ಕಾನೂನಿನ ಸಹಾಯ ಸಿಗೋ ಹಾಗೆ ನೋಡ್ಕೊಳ್ಳೋ ಸ್ವಯಂಸೇವಕಿಯಾಗಿ ಕೆಲಸ ಮಾಡ್ತಿದೀನಿ. ಈ ಕೇಸಿಗೆ ನಾನು ವಾಲಂಟಿಯರ್ ಆಗಿ ಬರಲಿಲ್ಲ, ಸಾಕ್ಷಿಯಾಗಿ ಬಂದೆ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

2022ರ ಜನವರಿ. ರೋಬಸ್ಟಾ ಕುಯ್ಲು ಜೋರಾಗಿ ನಡೀತಿದ್ದ ಟೈಮು. ಹುಡುಗನ ಅಪ್ಪ ಅಮ್ಮ ಪಿರಿಯಾಪಟ್ಟಣ ಕಡೆಯಿಂದ ಬಂದು ತೋಟದ ಲೈನ್ ಮನೇಲಿ, ಅಂದ್ರೆ ಕೂಲಿಯವರ ಸಾಲು ಮನೇಲಿ ಇದ್ದವರು. ಕೊರೊನಾ ಬಂದು ಸ್ಕೂಲು ಮುಚ್ಚಿದಾಗ ಅವನು 9ನೇ ಕ್ಲಾಸು, ಎಲ್ಲರನ್ನೂ ಪಾಸ್ ಅಂತ ಮಾಡಿ ಕಳಿಸಿದ್ರು, ಆದ್ರೆ 10ಕ್ಕೆ ಅವನು ಹೋಗ್ಲೇ ಇಲ್ಲ, ಆನ್‌ಲೈನ್ ಕ್ಲಾಸಿಗೆ ಫೋನಿಲ್ಲ, ಇದ್ರೂ ಲೈನ್ ಹತ್ರ ನೆಟ್‌ವರ್ಕ್ ಸಿಗಲ್ಲ, ಅಪ್ಪನ ಜೊತೆ ತೋಟಕ್ಕೆ ಇಳಿದ. ಕೆಲಸ ಸಿಗ್ಲಿ ಅಂತ ಹಾಜರಿ ಪುಸ್ತಕದಲ್ಲಿ ವಯಸ್ಸು 18 ಅಂತ ಬರೆಸಿದ್ರು. ಆಮೇಲೆ ಅದೇ ಅವನ ಕುತ್ತಿಗೆಗೆ ಬಂತು.

ಸತ್ತವನಿಗೆ 26 ವರ್ಷ. ಅದೇ ತೋಟದ ಪಿಕಪ್ ಓಡಿಸ್ತಿದ್ದ, ಸಂಜೆ ಹಣ್ಣು ತೂಕ ಹಾಕೋ ಕಡೆ ನಿಂತು ಲೆಕ್ಕ ಬರೆಯೋದಕ್ಕೂ ಕೈ ಜೋಡಿಸ್ತಿದ್ದ. ಕಷ್ಟ ಅಂದ್ರೆ ರಾತ್ರಿ ಎಷ್ಟು ಹೊತ್ತಾದ್ರೂ ಗಾಡಿ ತೆಗೆದು ಆಸ್ಪತ್ರೆಗೆ ಬಿಟ್ಟುಬರೋನು, ಇದನ್ನ ಹುಡುಗನ ಅಮ್ಮಾನೇ ನನ್ನ ಹತ್ರ ಹೇಳಿದ್ದು. ಮದುವೆಯಾಗಿತ್ತು, ಎರಡು ವರ್ಷದ ಹೆಣ್ಣುಮಗು ಇತ್ತು. ಹುಡುಗನ ಅಪ್ಪನಿಗೆ 6,000 ರೂಪಾಯಿ ಕೈಸಾಲ ಕೊಟ್ಟಿದ್ದ, ವಾಪಸ್ ಬಂದಿರ್ಲಿಲ್ಲ. ಆವತ್ತು ಶನಿವಾರ, ಬಟವಾಡೆ. ದುಡ್ಡು ಕೈಗೆ ಬಂದ ತಕ್ಷಣ ಅವನು ಕೇಳಿದ, ಅಪ್ಪ ಮುಂದಿನ ವಾರ ಅಂದ, ಮಾತಿಗೆ ಮಾತು ಬೆಳೀತು, ಕೊನೆಗೆ ಹುಡುಗನ ಕೈಲಿದ್ದ ಫೋನ್ ಕಿತ್ಕೊಂಡು ದುಡ್ಡು ತಂದು ಬಿಡಿಸ್ಕೊಂಡು ಹೋಗು ಅಂದ. ಆ ಸೆಕೆಂಡ್ ಹ್ಯಾಂಡ್ ಫೋನು ಹುಡುಗ ಆ ಕುಯ್ಲಲ್ಲೇ ಕೆಜಿ ಲೆಕ್ಕದಲ್ಲಿ ಹಣ್ಣು ಕುಯ್ದು ದುಡ್ಡು ಕೂಡಿಸಿ ತಗೊಂಡಿದ್ದು. ಸುತ್ತ ಮೂವತ್ತು ನಲವತ್ತು ಜನ ನಿಂತಿದ್ರು, ಯಾರೋ ನಕ್ಕರು.

ಹುಡುಗ ಮನೆಗೆ ಹೋದ. ಸುಮಾರು 40 ನಿಮಿಷ ಆದ್ಮೇಲೆ ಕಾಡು ಕಡಿಯೋ ಕತ್ತಿ ಹಿಡ್ಕೊಂಡು ವಾಪಸ್ ಬಂದ. ನಮ್ಮ ಜಿಲ್ಲೇಲಿ ಕತ್ತಿ ಇಲ್ಲದ ಮನೆ ಇಲ್ಲ, ಸೊಂಟಕ್ಕೆ ಕತ್ತಿ ಸಿಗಿಸ್ಕೊಂಡು ಯಾರು ನಡ್ಕೊಂಡು ಹೋದ್ರೂ ಯಾರೂ ತಿರುಗಿ ನೋಡಲ್ಲ, ಅವತ್ತೂ ಯಾರೂ ನೋಡ್ಲಿಲ್ಲ. ಪಿಕಪ್ ನಿಲ್ಲಿಸೋ ಶೆಡ್ ಹತ್ರ ಅವರಿಬ್ರೇ ಇದ್ರು. ಮೂರು ಏಟು. ಕತ್ತೀನ ಕೆರೆಗೆ ಎಸೆದು, ಫೋನ್ ತಗೊಂಡು ಮನೆಗೆ ಬಂದು, ಅಮ್ಮ ಬಡಿಸಿದ್ದನ್ನ ಉಂಡು ಮಲಗಿದ. ಬೆಳಗ್ಗೆ ಎಲ್ರ ಜೊತೆ ಕೆಲಸಕ್ಕೆ ಹೊರಟಿದ್ದ, ಪೊಲೀಸರು ಬಂದಾಗ ಚೀಲ ಹೆಗಲ ಮೇಲೇ ಇತ್ತಂತೆ.

ಊಟ ಮಾಡಿ ಮಲಗಿದ ಅನ್ನೋದನ್ನ ನಾನು ಮುಚ್ಚಿಡಲ್ಲ. ಈ ಕೇಸಿನ ಬಗ್ಗೆ ಯಾರ ಹತ್ರ ಮಾತಾಡಿದ್ರೂ ಜನ ಅಲ್ಲಿಗೇ ಬಂದು ನಿಲ್ತಾರೆ, ಕೊಂದು ಬಂದು ಅನ್ನ ತಿಂದನಲ್ಲ ಟೀಚರೇ, ಅವನು ಮಗುನಾ ಅಂತ.

ಸ್ಟೇಷನ್ನಲ್ಲಿ ವಯಸ್ಸು ಕೇಳಿದಾಗ ಅವನೇ 18 ಅಂದ. ತೋಟದಲ್ಲಿ ಹಾಗೇ ಹೇಳಿ ಅಭ್ಯಾಸ. ಆಧಾರ್ ಕಾರ್ಡಲ್ಲೂ 1-1-2004 ಅಂತ ಇತ್ತು, ಅದೂ ಬಾಯಿ ಮಾತಲ್ಲಿ ಹೇಳಿ ಮಾಡಿಸಿದ್ದೇ. ಅಷ್ಟಕ್ಕೇ ದೊಡ್ಡವನು ಅಂತ ಹಾಕಿ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿ ದೊಡ್ಡವರ ಜೈಲಿಗೆ ಕಳಿಸಿದ್ರು. ಮಗು, ಅಂದ್ರೆ 18ರ ಒಳಗಿನವನು ಅಂತ ಸ್ವಲ್ಪ ಅನುಮಾನ ಇದ್ರೂ 24 ಗಂಟೆ ಒಳಗೆ ಬಾಲನ್ಯಾಯ ಮಂಡಳಿ ಮುಂದೆ ಕರ್ಕೊಂಡು ಹೋಗ್ಬೇಕು, ಲಾಕಪ್ಪಲ್ಲಿ ಜೈಲಲ್ಲಿ ಇಡೋ ಹಾಗೇ ಇಲ್ಲ. ಒಂಬತ್ತು ದಿನ ಇದ್ದ ಅಲ್ಲಿ. ಆ ಒಂಬತ್ತು ದಿನದ ಬಗ್ಗೆ ಅವನು ಇವತ್ತಿನವರೆಗೂ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ. ಸರ್ಕಾರದ ಕಡೆಯಿಂದ ಸಿಕ್ಕ ವಕೀಲರು ಒಬ್ರು ಅಮ್ಮನ ಹತ್ರ ಮಾತಾಡ್ತಾ ಇವನು ಯಾವ ಸ್ಕೂಲಲ್ಲಿ ಓದಿದ್ದು ಅಂತ ಕೇಳಿ, ಅಲ್ಲಿಂದ ನನಗೆ ಫೋನ್ ಬಂತು.

ಕಾಯ್ದೆಯ 94ನೇ ಸೆಕ್ಷನ್ ವಯಸ್ಸಿಗೆ ಒಂದು ಕ್ರಮ ಹೇಳುತ್ತೆ. ಮೊದಲು ಸ್ಕೂಲಿನ ಜನ್ಮದಿನಾಂಕದ ಸರ್ಟಿಫಿಕೇಟ್ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಅದಿಲ್ಲ ಅಂದ್ರೆ ಪಂಚಾಯ್ತಿ ಮುನ್ಸಿಪಾಲಿಟಿ ಕೊಟ್ಟ ಜನನ ಪ್ರಮಾಣಪತ್ರ, ಎರಡೂ ಇಲ್ಲ ಅಂದ್ರೆ ಮಾತ್ರ ಮೂಳೆ ಎಕ್ಸ್‌ರೇ ತೆಗೆಸೋ ಟೆಸ್ಟು. ಆಧಾರ್ ಆ ಪಟ್ಟಿಯಲ್ಲೇ ಇಲ್ಲ. ಅಂದ್ರೆ ಎಲ್ಲಾ ಬಂದು ನಿಂತಿದ್ದು ನಮ್ಮ ಸ್ಕೂಲಿನ ಬೀರುವಲ್ಲಿ, ಗೆದ್ದಲು ಹಿಡಿದ ರಟ್ಟಿನ ಆ ಉದ್ದನೆ ರಿಜಿಸ್ಟರ್ ಮೇಲೆ.

2011ರ ಜೂನ್ ಪುಟ ತೆಗೆದೆ. ನನ್ನದೇ ಅಕ್ಷರ, ನೀಲಿ ಇಂಕು. ಅವನ ಹೆಸರು, ಅಪ್ಪನ ಹೆಸರು, ಜಾತಿ, ಹುಟ್ಟಿದ ದಿನ 1-6-2005. ಅವನ ಮೇಲಿನ ಹುಡುಗೀದೂ 1-6-2005, ಕೆಳಗಿನವನದೂ ಅದೇ. ಆ ಪುಟದಲ್ಲಿ ಹದಿನಾಲ್ಕು ಮಕ್ಕಳು, ಹನ್ನೊಂದು ಜನ ಜೂನ್ 1ಕ್ಕೇ ಹುಟ್ಟಿದ್ದಾರೆ.

ಹೇಗೆ ಬರೀತಿದ್ವಿ ಅಂತ ಹೇಳ್ತೀನಿ. ತೋಟದಿಂದ ತೋಟಕ್ಕೆ ಹೋಗೋ ಜನ, ಕಾಗದ ಪತ್ರ ಇರಲ್ಲ. ಶಿಕ್ಷಣ ಹಕ್ಕು ಕಾಯ್ದೆ ಬಂದ್ಮೇಲೆ ವಯಸ್ಸಿನ ದಾಖಲೆ ಇಲ್ಲ ಅಂತ ಮಗೂನ ವಾಪಸ್ ಕಳಿಸೋ ಹಾಗೂ ಇಲ್ಲ, ಕಳಿಸೋದು ತಪ್ಪೂ ಹೌದು. ಅದಕ್ಕೆ ಹಳೇ ಕಾಲದಿಂದ ಬಂದ ಪದ್ಧತಿ, ಮಗೂನ ನಿಲ್ಲಿಸಿ ಬಲಗೈನ ತಲೆ ಮೇಲಿಂದ ಹಾಕಿ ಎಡಗಿವಿ ಮುಟ್ಟು ಅನ್ನೋದು, ಬೆರಳು ಕಿವಿಗೆ ತಾಗಿದ್ರೆ ಆರು ವರ್ಷ ಆಗಿದೆ ಅಂತ ಲೆಕ್ಕ, ಜೂನ್ 1 ಅಂತ ಬರೆದು ಒಳಗೆ ಕೂರಿಸೋದು. ಈ ಹುಡುಗನ ಬೆರಳು ಪೂರ್ತಿ ತಾಗಿರ್ಲಿಲ್ಲ ಅಂತ ನನಗೆ ಚೆನ್ನಾಗಿ ನೆನಪಿದೆ, ತಲೆ ಸ್ವಲ್ಪ ವಾಲಿಸಿ ಮುಟ್ಟಿಬಿಟ್ಟ, ಮುಟ್ಟಿದ್ಮೇಲೆ ನನ್ನ ಮುಖ ನೋಡಿ ನಕ್ಕ. ಅವನ ಅಮ್ಮನ್ನ ಕೇಳಿದೆ, ಯಾವಾಗ ಹುಟ್ಟಿದ್ದು ಅಂತ. ಹುತ್ತರಿ ಕಳ್ದು ಸ್ವಲ್ಪ ದಿನಕ್ಕೆ ಅಂದ್ಲು, ಹುತ್ತರಿ ಅಂದ್ರೆ ನಮ್ಮ ಕೊಡಗಿನ ಸುಗ್ಗಿ ಹಬ್ಬ. ಯಾವ ವರ್ಷದ ಹುತ್ತರಿ ಅಂದ್ರೆ ಗೊತ್ತಿಲ್ಲ. ಬಿಸಿಯೂಟದ ಲೆಕ್ಕಕ್ಕೆ ತಲೆ ಎಣಿಸ್ಬೇಕಿತ್ತು, ಸೇರಿಸ್ಕೊಂಡೆ.

ಆ ಒಂದು ಸಾಲಿನ ಬೆಲೆ ಏನು ಅಂತ ನನಗೆ ಗೊತ್ತಾಗಿದ್ದು 11 ವರ್ಷ ಆದ್ಮೇಲೆ, ವಕೀಲರ ಆಫೀಸಲ್ಲಿ ಕೂತಾಗ. ಲೆಕ್ಕ ಹಾಕೋದು ಅಪರಾಧ ನಡೆದ ದಿನದ ವಯಸ್ಸನ್ನ. ನಾನು ಬರೆದಿದ್ರ ಪ್ರಕಾರ ಅವನಿಗೆ ಆವತ್ತು 16 ವರ್ಷ 7 ತಿಂಗಳು. ಹುಟ್ಟಿದ ವರ್ಷಾನ ಎರಡು ವರ್ಷ ಹಿಂದೆ, 2003 ಅಂತ ಬರೆದಿದ್ರೆ ಅವನು ದೊಡ್ಡವನು, ಕೊಲೆಗೆ ಜೀವಾವಧಿ ಅಥವಾ ಮರಣದಂಡನೆ, ಜೀವಾವಧಿ ಅಂದ್ರೆ 14 ವರ್ಷ ಅಂತ ಜನ ಅಂದ್ಕೊಂಡಿದ್ದಾರೆ ಅದು ತಪ್ಪು, ಜೀವಾವಧಿ ಅಂದ್ರೆ ಜೀವ ಇರೋವರೆಗೂ, 14 ವರ್ಷ ಆಗೋ ಮುಂಚೆ ಸರ್ಕಾರ ಬಿಡೋ ಹಾಗಿಲ್ಲ ಅಂತ ಅಷ್ಟೇ. ಒಂದು ವರ್ಷ ಮುಂದೆ, 2006 ಅಂತ ಬರೆದಿದ್ರೆ ಅವನಿಗೆ 15, ಆಗ ಎಂಥ ಅಪರಾಧ ಆದ್ರೂ ಹೆಚ್ಚಂದ್ರೆ ಮೂರು ವರ್ಷ ವಿಶೇಷ ಗೃಹ. ನಾನು ಬರೆದಿದ್ದು ನಡುವಿನದು. 16ರಿಂದ 18ರ ಒಳಗಿನವರು, ಘೋರ ಅಪರಾಧ, ಅಂದ್ರೆ ಕನಿಷ್ಠ ಶಿಕ್ಷೆ ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಇರೋ ಅಪರಾಧ, ಇವರನ್ನ ದೊಡ್ಡವರ ಥರ ವಿಚಾರಣೆ ಮಾಡ್ಬೇಕಾ ಬೇಡ್ವಾ ಅಂತ ಮಂಡಳಿ ಮೊದಲು ತೀರ್ಮಾನ ಮಾಡ್ಬೇಕು. ಹುತ್ತರಿ ಬರೋದು ನವೆಂಬರ್ ಡಿಸೆಂಬರಲ್ಲಿ. ಅಮ್ಮ ಹೇಳಿದ ಹುತ್ತರಿ 2005ರದ್ದಾದ್ರೆ ಅವನಿಗೆ 16 ತುಂಬಿ ಎರಡು ತಿಂಗಳೂ ಆಗಿರಲ್ಲ, 2006ರದ್ದಾದ್ರೆ 15. ಯೋಚನೆ ಮಾಡಿ. ಎಷ್ಟು ರಾತ್ರಿ ನಾನು ಇದನ್ನೇ ಲೆಕ್ಕ ಹಾಕ್ಕೊಂಡು ಮಲಗಿದೀನೋ.

ಸತ್ತವನ ಕಡೆಯವರು ಮೂಳೆ ಟೆಸ್ಟ್ ಬೇಕು ಅಂತ ಅರ್ಜಿ ಹಾಕಿದ್ರು. ನನ್ನನ್ನ ಕರೆಸಿದ್ರು. ಈ ತಾರೀಖು ಹೇಗೆ ಬರೆದ್ರಿ ಅಂತ ಕೇಳಿದಾಗ ಇದ್ದಿದ್ದನ್ನ ಇದ್ದ ಹಾಗೆ ಹೇಳಿದೆ, ಕಿವಿ ಮುಟ್ಟಿಸಿದ್ದನ್ನೂ ಹೇಳಿದೆ. ಆಮೇಲೆ ಟಿಸಿ ತೋರಿಸಿದ್ರು, ಅದರಲ್ಲಿ ನಡತೆ ಅನ್ನೋ ಕಡೆ ಉತ್ತಮ ಅಂತ ನಾನೇ ಬರೆದಿದ್ದೆ. ಎಲ್ಲಾ ಮಕ್ಕಳಿಗೂ ಉತ್ತಮ ಅಂತಾನೇ ಬರೀತೀರಾ ಅಂತ ಕೇಳಿದ್ರು. ಹೌದು ಅಂದೆ. ಯಾಕೆ ಅಂದ್ರು. ಹತ್ತು ಹನ್ನೊಂದು ವರ್ಷದ ಮಗೂಗೆ ಕೆಟ್ಟದು ಅಂತ ಬರೆದು ಕಳಿಸಿದ್ರೆ ಮುಂದಿನ ಸ್ಕೂಲಿನವರು ಅದನ್ನೇ ಓದಿ ಹಾಗೇ ನೋಡ್ತಾರೆ ಅಂದೆ. ರಿಜಿಸ್ಟರ್ ಮಾಮೂಲಿ ಕೆಲಸದ ದಾಖಲೆ, ಕೇಸಿಗೋಸ್ಕರ ಬರೆದಿದ್ದಲ್ಲ ಅಂತ ಅದನ್ನೇ ಒಪ್ಪಿದ್ರು.

ಇನ್ನು 40 ನಿಮಿಷದ ಪ್ರಶ್ನೆ. ಮಂಡಳಿ ನೋಡ್ಬೇಕಾಗಿದ್ದು ಏನು ಅಂದ್ರೆ, ಆ ಅಪರಾಧ ಮಾಡೋ ಮಾನಸಿಕ ದೈಹಿಕ ಸಾಮರ್ಥ್ಯ ಇತ್ತಾ, ಅದರ ಪರಿಣಾಮ ಅರ್ಥ ಮಾಡ್ಕೊಳ್ಳೋ ಶಕ್ತಿ ಇತ್ತಾ, ಯಾವ ಸಂದರ್ಭದಲ್ಲಿ ಮಾಡಿದ. 2022ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಹರಿಯಾಣದ ಒಂದು ಸ್ಕೂಲಿನ ಕೊಲೆ ಕೇಸಲ್ಲಿ ಹೇಳ್ತು, ಮಂಡಳೀಲಿ ಮಕ್ಕಳ ಮನಶ್ಶಾಸ್ತ್ರ ಓದಿದವರು ಇಲ್ಲದಿದ್ರೆ ಅಂಥ ಪರಿಣತರ ಸಹಾಯ ತಗೊಳ್ಳಲೇಬೇಕು, ಇದು ಕಾಟಾಚಾರಕ್ಕೆ ಮಾಡೋ ಕೆಲಸ ಅಲ್ಲ ಅಂತ. ಇವನ ಜೊತೆಗೂ ಮನಶ್ಶಾಸ್ತ್ರಜ್ಞರು ಎರಡು ಸಲ ಕೂತು ಮಾತಾಡಿದ್ರು. ವಕೀಲರು ನನಗೆ ಹೇಳಿದ್ದಿಷ್ಟು, ಆ 40 ನಿಮಿಷ ಏನು ಮಾಡ್ತಿದ್ದೆ ಅಂದ್ರೆ ಹುಡುಗ ಲೈನ್ ಹಿಂದಿನ ನಲ್ಲಿ ಹತ್ರ ಕೂತಿದ್ದೆ ಅಂದನಂತೆ. ಏನು ಯೋಚನೆ ಮಾಡ್ತಿದ್ದೆ ಅಂದ್ರೆ, ಫೋನಲ್ಲಿದ್ದ ಫೋಟೋ ಎಲ್ಲಾ ನೋಡಿಬಿಡ್ತಾನೆ ಅಂತ.

ನನ್ನ ಮಟ್ಟಿಗೆ ಈ ಉತ್ತರಾನ ಎರಡು ಥರಾನೂ ಓದಬಹುದು. ಫೋಟೋ ನೋಡ್ತಾನೆ ಅನ್ನೋದು ದೊಡ್ಡ ವಿಷಯ ಆಗಿ ಕಾಣೋದು ಹದಿನಾರು ವರ್ಷದ ತಲೆಗೇ, ಮೂವತ್ತರವನಿಗೆ ಹಾಗೆ ಕಾಣಲ್ಲ. ಹಾಗೇ 40 ನಿಮಿಷ ಕೂತು ಎದ್ದು ಕತ್ತಿ ತಗೊಂಡಿದ್ದು ತಲೆ ಕೆಟ್ಟು ಹೊಡೆದಿದ್ದಲ್ಲ, ಎದ್ದು ಹೋಗಿದ್ದು. ಮೆದುಳು ಪೂರ್ತಿ ಬಲಿಯೋದು ಇಪ್ಪತ್ತೈದರ ಹತ್ರ ಅಂತ ಡಾಕ್ಟರುಗಳು ಹೇಳ್ತಾರೆ, ನಿಜ, ಮುಂದಾಲೋಚನೆ ಮಾಡೋ ಭಾಗ ಕೊನೆಗೆ ಬಲಿಯೋದು. ಆದ್ರೆ ಅದನ್ನ ಮುಂದಿಟ್ಟು ಅವನಿಗೆ ಏನೂ ಗೊತ್ತಿರ್ಲಿಲ್ಲ ಅಂತ ನಾನು ಹೇಳಲ್ಲ. ಕತ್ತಿಯಿಂದ ಹೊಡೆದ್ರೆ ಸಾಯ್ತಾರೆ ಅಂತ ನಮ್ಮ ಕಡೆ ಆರು ವರ್ಷದ ಮಗೂಗೂ ಗೊತ್ತು. ಮಂಡಳಿ ಅವನನ್ನ ಮಕ್ಕಳ ನ್ಯಾಯಾಲಯಕ್ಕೆ ಕಳಿಸ್ತು, ಆ ಕೋರ್ಟೂ ಮತ್ತೊಂದು ಸಲ ಸ್ವಂತವಾಗಿ ನೋಡಿ ದೊಡ್ಡವರ ಥರಾನೇ ವಿಚಾರಣೆ ಅಂತು. ಆ ತೀರ್ಮಾನದ ಮೇಲೆ ನನಗೆ ಸಿಟ್ಟಿಲ್ಲ.

ಊರಲ್ಲಿ ಮಾತು ಬೇರೆ ಇತ್ತು. ಸುಂಟಿಕೊಪ್ಪ ಬಸ್ ಸ್ಟ್ಯಾಂಡ್ ಹತ್ರ ಟೀ ಕುಡಿಯಕ್ಕೆ ನಿಂತ್ರೆ, ಮದುವೆ ಮನೆಗೆ ಹೋದ್ರೆ, ಎಲ್ಲಾ ಕಡೆ ಒಂದೇ ಮಾತು, ಇಂಥವನನ್ನ ಸಾಯೋವರೆಗೂ ಒಳಗೆ ಹಾಕ್ಬೇಕು, ಬಿಡ್ಲೇಬಾರದು. 2012ರ ದೆಹಲಿ ನಿರ್ಭಯಾ ಕೇಸು ನೋಡಿ ಅಂತಾರೆ. ಆ ಸಿಟ್ಟು ಅರ್ಥ ಆಗುತ್ತೆ. ಆ ಕೇಸಲ್ಲಿ 18ಕ್ಕೆ ಕೆಲವೇ ತಿಂಗಳು ಕಮ್ಮಿ ಇದ್ದ ಹುಡುಗ ಮೂರು ವರ್ಷಕ್ಕೆ, 2015ರ ಡಿಸೆಂಬರಲ್ಲಿ ಹೊರಗೆ ಬಂದ, ಇಡೀ ದೇಶ ಬೀದಿಗೆ ಬಂತು, ಅದೇ ವಾರ ರಾಜ್ಯಸಭೇಲಿ ಹೊಸ ಕಾಯ್ದೆ ಪಾಸಾಗಿ 2016ರ ಜನವರಿ 15ಕ್ಕೆ ಜಾರಿಗೆ ಬಂತು. 16ರಿಂದ 18ರವರನ್ನ ದೊಡ್ಡವರ ಥರ ವಿಚಾರಣೆ ಮಾಡೋ ದಾರಿ ತೆರೆದಿದ್ದೇ ಆಗ. ಆದ್ರೆ ಅಷ್ಟು ಸಿಟ್ಟಲ್ಲಿ ಬರೆದ ಕಾಯ್ದೇಲೂ 21ನೇ ಸೆಕ್ಷನ್ ಒಂದು ಗೆರೆ ಎಳೀತು, 18ರ ಒಳಗೆ ಅಪರಾಧ ಮಾಡಿದ ಯಾರಿಗೂ ಮರಣದಂಡನೆ ಇಲ್ಲ, ಬಿಡುಗಡೆಯ ಸಾಧ್ಯತೆಯೇ ಇಲ್ಲದ ಜೀವಾವಧಿಯೂ ಇಲ್ಲ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 37ನೇ ವಿಧಿ ಹೇಳೋದೂ ಇದನ್ನೇ, ಭಾರತ ಅದನ್ನ ಒಪ್ಪಿದ್ದು 1992ರಲ್ಲಿ.

ಬಿಡುಗಡೆಯೇ ಇಲ್ಲದ ಜೀವಾವಧಿ ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ ಅಂತಲ್ಲ, ದೊಡ್ಡವರಿಗೆ ಇದೆ. 2008ರಲ್ಲಿ ಸುಪ್ರೀಂ ಕೋರ್ಟು ಗಲ್ಲಿನ ಬದಲು ಕೊನೆ ಉಸಿರಿನವರೆಗೂ ಬಿಡಬಾರದು ಅನ್ನೋ ಶಿಕ್ಷೆ ಕೊಟ್ಟ ಸ್ವಾಮಿ ಶ್ರದ್ಧಾನಂದ ಪ್ರಕರಣ ನಮ್ಮ ಕರ್ನಾಟಕದ್ದೇ, ಆಮೇಲೆ 2015ರಲ್ಲಿ ಸಂವಿಧಾನ ಪೀಠ ಅಂಥ ಶಿಕ್ಷೆ ಕೊಡೋ ಅಧಿಕಾರ ಹೈಕೋರ್ಟು ಸುಪ್ರೀಂ ಕೋರ್ಟಿಗೆ ಮಾತ್ರ ಅಂತ ಹೇಳ್ತು. ಆಧಾರ್‌ನಲ್ಲಿದ್ದ ತಾರೀಖನ್ನ ಒಪ್ಪಿಬಿಟ್ಟಿದ್ರೆ ಆ 21ನೇ ಸೆಕ್ಷನ್ ಇವನ ಪಾಲಿಗೆ ಇರ್ತಿರ್ಲಿಲ್ಲ.

ಮಕ್ಕಳಿಗೂ ಅದೇ ಶಿಕ್ಷೆ ಕೊಟ್ಟ ದೇಶ ಅಮೆರಿಕ. 2012ರ ಹೊತ್ತಿಗೆ 18ರ ಒಳಗೆ ಮಾಡಿದ ಕೊಲೆಗೆ ಪೆರೋಲೇ ಇಲ್ಲದ, ಅಂದ್ರೆ ಷರತ್ತು ಹಾಕಿಯೂ ಯಾವತ್ತೂ ಬಿಡದ ಜೀವಾವಧಿ ಅನುಭವಿಸ್ತಿದ್ದವರು ಅಲ್ಲಿ ಹತ್ತಿರ ಹತ್ತಿರ 2,500 ಜನ. ಆ ವರ್ಷ ಮಿಲ್ಲರ್ ಅನ್ನೋ ಹುಡುಗನ ಕೇಸಲ್ಲಿ, ಅಪರಾಧ ಮಾಡಿದಾಗ ಅವನಿಗೆ 14, ಅಲ್ಲಿನ ಸುಪ್ರೀಂ ಕೋರ್ಟು ವಯಸ್ಸು ಹಿನ್ನೆಲೆ ಏನೂ ನೋಡದೆ ತಾನೇ ತಾನಾಗಿ ಆ ಶಿಕ್ಷೆ ಹಾಕೋ ಹಾಗಿಲ್ಲ ಅಂತು. ಪೂರ್ತಿ ಬೇಡ ಅನ್ನಲಿಲ್ಲ, 2021ರಲ್ಲಿ ಮಿಲ್ಲರ್‌ಗೇ ಮತ್ತೆ ಅದೇ ಶಿಕ್ಷೆ ಆಯ್ತು. ನನಗೆ ಮನಸ್ಸಲ್ಲಿ ಕೂತಿರೋದು ಇನ್ನೊಬ್ಬನ ಕಥೆ, ಲೂಸಿಯಾನಾದ ಹೆನ್ರಿ ಮಾಂಟ್ಗೊಮೆರಿ, 1963ರಲ್ಲಿ 17 ವರ್ಷದವನಿದ್ದಾಗ ಒಬ್ಬ ಪೊಲೀಸ್ ಅಧಿಕಾರೀನ ಗುಂಡಿಟ್ಟು ಕೊಂದ. 2016ರಲ್ಲಿ ಅವನದೇ ಕೇಸಲ್ಲಿ ಕೋರ್ಟು ಮಿಲ್ಲರ್ ತೀರ್ಪು ಹಳಬರಿಗೂ ಅನ್ವಯ ಅಂತು. ಆಮೇಲೂ ಎರಡು ಸಲ ಪೆರೋಲ್ ಸಿಗಲಿಲ್ಲ. ಕೊನೆಗೆ 2021ರ ನವೆಂಬರಲ್ಲಿ ಹೊರಗೆ ಬಂದಾಗ ಅವನಿಗೆ 75. ನಮ್ಮ ಹುಡುಗ ಕತ್ತಿ ಎತ್ತಿದ್ದು ಅದಾಗಿ ಎರಡು ತಿಂಗಳಿಗೆ.

ನಾನು ಈ ಶಿಕ್ಷೆ ಮಕ್ಕಳಿಗೆ ಬೇಡವೇ ಬೇಡ ಅನ್ನೋಳು. ಕಾರಣ ಕರುಣೆ ಅಂತ ಜನ ಅಂದ್ಕೊಳ್ತಾರೆ, ಅದಲ್ಲ. ಯಾವತ್ತೂ ಬಿಡಬೇಡಿ ಅನ್ನೋದು ಈ ಹುಡುಗ ನಲವತ್ತಕ್ಕೆ ಏನಾಗ್ತಾನೆ, ಅರವತ್ತಕ್ಕೆ ಏನಾಗ್ತಾನೆ ಅಂತ ಇವತ್ತೇ ಗೊತ್ತು ಅಂತ ಹೇಳೋದು. 31 ವರ್ಷ ನಾನು ದಿನಾ ಮಕ್ಕಳ ಮುಖ ನೋಡಿದೀನಿ. ಇವನು ಉದ್ಧಾರ ಆಗಲ್ಲ ಅಂತ ಸ್ಟಾಫ್ ರೂಮಲ್ಲಿ ನಾನೇ ಹೇಳಿದ್ದ ಒಬ್ಬ ಇವತ್ತು ಕುಶಾಲನಗರದಲ್ಲಿ ಆಂಬ್ಯುಲೆನ್ಸ್ ಓಡಿಸ್ತಾನೆ, 2018ರ ಆಗಸ್ಟಲ್ಲಿ ಗುಡ್ಡ ಕುಸಿದಾಗ ಮಕ್ಕಂದೂರು ಕಡೆ ಹೋಗಿ ಮೂರು ದಿನ ಮನೆಗೆ ಬರ್ಲಿಲ್ಲ. ಚಿನ್ನದಂಥ ಹುಡುಗಿ ಅಂದಿದ್ದವಳು ಏನಾದ್ಲು ಅಂತ ಇಲ್ಲಿ ಬರೆಯಲ್ಲ. ಮುಂದೆ ಒಂದಿನ ನೋಡಿ, ಪರೀಕ್ಷೆ ಮಾಡಿ, ಇನ್ನೂ ಅಪಾಯ ಅನ್ಸಿದ್ರೆ ಬಿಡಬೇಡಿ, ಅದಕ್ಕೆ ನಾನು ಅಡ್ಡ ಬರಲ್ಲ. ನೋಡೋದೇ ಬೇಡ ಅಂತ ಇವತ್ತೇ ಬೀಗ ಹಾಕಿ ಕೀ ಎಸೆಯೋದಕ್ಕೆ ನನ್ನ ವಿರೋಧ. ಅದೂ ಈ ಕೇಸಲ್ಲಿ, ಮಗು ಹೌದೋ ಅಲ್ವೋ ಅಂತ ತೀರ್ಮಾನ ಆಗಿದ್ದೇ ಒಂದು ಬೆರಳು ಕಿವಿಗೆ ತಾಗಿದ್ದರ ಮೇಲೆ.

ವಿಚಾರಣೆ ಮುಗಿದು 2024ರಲ್ಲಿ ತೀರ್ಪು ಬಂತು. ತಪ್ಪಿತಸ್ಥ. ಜೀವಾವಧಿ, ಬಿಡುಗಡೆಯ ಸಾಧ್ಯತೆ ಇಟ್ಟು. 21 ತುಂಬೋವರೆಗೂ ಜೈಲಲ್ಲ, ಸುರಕ್ಷಿತ ಸ್ಥಳ ಅಂತ ಕರೀತಾರೆ, ಅಲ್ಲಿ ಇಡ್ಬೇಕು, ಓದು ಕೆಲಸ ಕೌನ್ಸೆಲಿಂಗ್ ಎಲ್ಲಾ ಕೊಡ್ಬೇಕು, ಪ್ರೊಬೇಷನ್ ಆಫೀಸರ್ ಪ್ರತಿ ವರ್ಷ ವರದಿ ಕೊಡ್ಬೇಕು. 21 ತುಂಬಿದಾಗ ಮಕ್ಕಳ ನ್ಯಾಯಾಲಯ ಮತ್ತೆ ಕೂತು ನೋಡುತ್ತೆ, ಹುಡುಗ ಬದಲಾಗಿದ್ದಾನಾ, ಸಮಾಜಕ್ಕೆ ಉಪಯೋಗ ಆಗೋ ಥರ ಬದುಕ್ತಾನಾ ಅಂತ. ಹೌದು ಅಂದ್ರೆ ಷರತ್ತು ಹಾಕಿ ಮೇಲ್ವಿಚಾರಣೆ ಇಟ್ಟು ಬಿಡಬಹುದು, ಇಲ್ಲ ಅಂದ್ರೆ ಉಳಿದ ಶಿಕ್ಷೆಗೆ ದೊಡ್ಡವರ ಜೈಲು. ಜನ ಗಲಾಟೆ ಮಾಡೋದೆಲ್ಲಾ ತೀರ್ಪಿನ ದಿನ, ಆದ್ರೆ ಅವನ ಬದುಕು ತೀರ್ಮಾನ ಆಗೋದು ಈ ಎರಡನೇ ದಿನ, ಅವತ್ತು ಕೋರ್ಟಿನ ಮುಂದೆ ಇರೋದು ವರ್ಷಕ್ಕೊಂದರಂತೆ ಬರೆದ ಕೆಲವು ಹಾಳೆ. ನಡತೆ ಉತ್ತಮ ಅಂತ ಎಲ್ರಿಗೂ ಬರೀತಿದ್ದ ನನಗೆ ಆ ಹಾಳೆಗಳ ಬಗ್ಗೆ ಭಯ ಇದೆ. ಉತ್ತಮ ಅಂತ ಸುಮ್ನೆ ಬರೆದ್ರೂ ತಪ್ಪು, ಸುಧಾರಿಸಿಲ್ಲ ಅಂತ ಸುಮ್ನೆ ಬರೆದ್ರೂ ತಪ್ಪು, ಎರಡೂ ಕಡೆ ಜೀವ ಇದೆ.

ನಾನು ಅವನನ್ನ ಎರಡು ಸಲ ಹೋಗಿ ನೋಡಿದೀನಿ. ಮೊದಲನೇ ಸಲ, ಅವನೇ ನನ್ನ ಫೋನ್ ಕಿತ್ಕೊಂಡಿದ್ದು ಟೀಚರ್ ಅಂತ ಮೂರು ನಾಲ್ಕು ಸಲ ಹೇಳಿದ. ನನಗೆ ಬೇಜಾರಾಯ್ತು, ವಾಪಸ್ ಬರೋವಾಗ ಇನ್ನು ಬರಬಾರದು ಅಂದ್ಕೊಂಡೆ. ಎರಡನೇ ಸಲ ಹೋಗಿದ್ದು ಹೋದ ವರ್ಷ, 10ನೇ ಕ್ಲಾಸು ಖಾಸಗಿಯಾಗಿ ಕಟ್ಟಿ ಪಾಸ್ ಮಾಡಿದ್ದ, ಎತ್ತರ ಆಗಿದ್ದ, ಮೀಸೆ ಬಂದಿತ್ತು. ಫೋನಿನ ಮಾತೇ ಎತ್ತಲಿಲ್ಲ. ಹೊರಡೋ ಮುಂಚೆ, ಆ ಪಾಪು ಸ್ಕೂಲಿಗೆ ಹೋಗ್ತಿದ್ಯಾ ಅಂತ ಕೇಳಿದ, ಕೇಳಿ ನೆಲ ನೋಡ್ತಾ ನಿಂತ. ಇದು ಬದಲಾವಣೇನಾ, ಹೀಗೆ ಕೇಳಿದ್ರೆ ಒಳ್ಳೇದು ಅಂತ ಕಲಿತಿದ್ದಾ, ನನಗೆ ಹೇಳಕ್ಕಾಗಲ್ಲ. ಅಂಗನವಾಡಿಗೆ ಹೋಗ್ತಿದೆ ಅಂತ ಅಷ್ಟೇ ಹೇಳಿ ಬಂದೆ.

ಸತ್ತವನ ಹೆಂಡ್ತೀನೂ ನನ್ನ ಹತ್ರಾನೇ ಓದಿದವಳು. ಅವಳ ಹುಟ್ಟಿದ ದಿನಾನೂ ಜೂನ್ 1. ಈ ಕಾಯ್ದೇಲಿ ಹುಡುಗನ ಬಗ್ಗೆ ಎಷ್ಟು ಪುಟ ಇದೆಯೋ ಇವಳ ಬಗ್ಗೆ ಅಷ್ಟು ಸಾಲೂ ಇಲ್ಲ, ಇದು ನನಗಿರೋ ದೊಡ್ಡ ತಕರಾರು. ಯಾವಾಗ ವಿಚಾರಣೆ, ಏನಾಯ್ತು ಅಂತ ಅವಳಿಗೆ ಹೇಳೋರೇ ಇರ್ಲಿಲ್ಲ, ಅಕ್ಕಪಕ್ಕದವರಿಂದ ಗೊತ್ತಾಗ್ತಿತ್ತು. ಕರ್ನಾಟಕದ 2011ರ ಸಂತ್ರಸ್ತರ ಪರಿಹಾರ ಯೋಜನೆ ಅಂತ ಒಂದಿದೆ ಅನ್ನೋದೇ ಗೊತ್ತಿರ್ಲಿಲ್ಲ, ನಾನು ಕೂತು ಅರ್ಜಿ ಬರೆದೆ, ದುಡ್ಡು ಬಂತು, ಒಂದಷ್ಟು ಮಗು ಹೆಸರಲ್ಲಿ ಎಫ್‌ಡಿ ಮಾಡ್ಸಿದ್ವಿ. ಗಂಡ ಸತ್ತ ಮೇಲೆ ತೋಟದ ಮನೆ ಬಿಟ್ಟು ತಾಯಿ ಮನೆಗೆ ಬಂದಿದ್ದಾಳೆ, ಈಗ ಕಾಫಿ ಕ್ಯೂರಿಂಗ್ ಕಡೆ ಬೀಜ ಆರಿಸೋ ಕೆಲಸ.

2026ರ ಜೂನ್ 1ಕ್ಕೆ ಹುಡುಗನಿಗೆ 21. ಮಗು ಒಂದನೇ ಕ್ಲಾಸಿಗೆ ಸೇರೋದೂ ಅದೇ ತಿಂಗಳು, ಅದರ ಹತ್ರ ಆಸ್ಪತ್ರೆಯ ಜನನ ಪತ್ರ ಇದೆ, ಯಾರೂ ಕಿವಿ ಮುಟ್ಟು ಅನ್ನಲ್ಲ. ವಕೀಲರು ಹುಡುಗನ ಬಗ್ಗೆ ನಿಮಗೆ ಗೊತ್ತಿರೋದನ್ನ ಬರೆದು ಕೊಡಿ, ಕೋರ್ಟಿಗೆ ಕೊಡೋಣ ಅಂದ್ರು. ಬರೆಯೋ ಮುಂಚೆ ಇವಳಿಗೆ ಹೇಳದೆ ಇರೋದು ಸರಿಯಲ್ಲ ಅನ್ನಿಸ್ತು, ಭಾನುವಾರ ಮನೆಗೆ ಹೋದೆ. ಬೈತಾಳೆ ಅಂದ್ಕೊಂಡೇ ಹೋಗಿದ್ದೆ, ಬೈದಿದ್ರೆ ಕೇಳಿಸ್ಕೊಂಡು ಬರ್ತಿದ್ದೆ. ಅವಳು ಒಲೆ ಮೇಲಿದ್ದ ಹಾಲು ಇಳಿಸಿ, ಸ್ವಲ್ಪ ಹೊತ್ತು ಸುಮ್ನೆ ಇದ್ದು, ಬಿಟ್ರೆ ಯಾವ ದಿನ ಬಿಡ್ತಾರೆ ಅಂತ ನನಗೆ ಮೊದಲೇ ಹೇಳ್ತಾರಾ ಟೀಚರ್ ಅಂದ್ಲು. ಸಂತೇಲಿ ಮಗು ಕೈ ಹಿಡ್ಕೊಂಡು ಹೋಗ್ತಿರೋವಾಗ ಎದುರಿಗೆ ಬಂದುಬಿಟ್ರೆ ನಾನೇನು ಮಾಡ್ಲಿ ಅಂದ್ಲು. ಹೇಳಲೇಬೇಕು ಅಂತ ಕಾನೂನಲ್ಲಿ ಇಲ್ಲಮ್ಮ, ಕೇಳಿಕೊಳ್ತೀನಿ, ಈ ಕಡೆ ಬರಬಾರದು ಅಂತ ಷರತ್ತು ಹಾಕ್ಸೋಕೂ ಕೇಳ್ತೀನಿ ಅಂದೆ.

ನೀವು ಬರೀರಿ, ಬೇಡ ಅನ್ನಲ್ಲ ಅಂದ್ಲು. ನನ್ನದೂ ಒಂದು ಬರೀರಿ. ಅಲ್ಲಿ ಅವರಿಬ್ರೇ ಇದ್ದಿದ್ದು. ನಮ್ಮೋರು ಕೊನೆಗೆ ಏನಾದ್ರೂ ಅಂದ್ರಾ, ಪಾಪು ಹೆಸರು ಏನಾದ್ರೂ ಕರೆದ್ರಾ, ಅದು ಅವನೊಬ್ಬನಿಗೇ ಗೊತ್ತಿರೋದು. ಇಷ್ಟು ವರ್ಷ ಯಾರೂ ಕೇಳಿಲ್ಲ ಅವನನ್ನ. ಅದನ್ನ ಕೇಳಿ ನನಗೆ ಹೇಳ್ಬೇಕು.

ಆವತ್ತು ರಾತ್ರಿಯೇ ಬರೆದೆ, ಎರಡೂವರೆ ಪುಟ. ಅವಳ ಮಾತು ಅವಳು ಹೇಳಿದ ಹಾಗೇ ಇದೆ, ಒಂದಕ್ಷರ ತಿದ್ದಿಲ್ಲ.